ಬರಿಬೆರಳು ತಾಗಿದ ಕೊಳವೆ

ಡಾಕ್ಟರ್ ಲೀನಾ ಬಾಯಿ, ಅಂದು ನಿಮ್ಮ ಪ್ರಯೋಗ ಕೆಡಿಸಿದವನು ನಾನು. ಬೇಕೆಂದೇ ಕೆಡಿಸಿದೆ.

ಅರುವತ್ತರ ದಶಕದ ಕೊನೆ. ಮಣಿಪಾಲದ ಆ ಸಣ್ಣ ಪ್ರಯೋಗಾಲಯ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ಬಜಗೋಳಿಯವನಿಗೆ ಕೆಲಸ ಕಲಿಸಿದವರು ನೀವು. ರಕ್ತವನ್ನು ಕೆಂಪಾಗಿಸುವ ಪ್ರೋಟೀನು ಒಂದುಂಟು, ಅದನ್ನು ಕಟ್ಟುವ ಅಪ್ಪಣೆ ಹೊತ್ತು ತರುವ ಆರ್‌ಎನ್‌ಎ ಯಾವುದೆಂದು ಗುರುತಿಸಬೇಕು ಎಂದಿರಿ. ಮೊಲಗಳಿಗೆ ಮದ್ದು ಚುಚ್ಚಿ ರಕ್ತ ಕಡಿಮೆ ಮಾಡಿದರೆ ಎಳೆಯ ರಕ್ತಕಣಗಳು ತುಂಬಿಕೊಳ್ಳುತ್ತವೆ. ಆ ಆರ್‌ಎನ್‌ಎ ಸಿಗುವುದು ಅವುಗಳಲ್ಲಿ. ಆದರೆ ಕಿವಿಯಿಂದ ರಕ್ತ ತೆಗೆಯಲು ಹೋದರೆ ಮೊಲ ಒದ್ದಾಡುತ್ತಿತ್ತು — ನಿಮ್ಮಿಂದ ಆಗಲಿಲ್ಲ. ಮಡಿಲಲ್ಲಿ ಮಲಗಿಸಿ, ಬಿಸಿನೀರಿನ ಬಟ್ಟೆಯಿಂದ ಕಿವಿ ಒರಸಿ ತೆಗೆಯುವ ಉಪಾಯ ಕಂಡವನು ನಾನು.

"ಶೀನಣ್ಣ, ನೀವಿಲ್ಲದೆ ಈ ಕೆಲಸವೇ ಇಲ್ಲ ಮಾರಾಯ್ರೆ" ಎಂದಿದ್ದಿರಿ. ಆ ಮಾತನ್ನು ನಾನು ಎಷ್ಟು —

ಒಂದು ದಿನ, ಆ ರಕ್ತದ ಆರ್‌ಎನ್‌ಎ ಅಳೆದ ಗ್ರಾಫಿನ ಗೆರೆಯಲ್ಲಿ ಪುಟ್ಟ ದಿಬ್ಬ ಎದ್ದಿತು. ಇದೇ ಅದು ಎಂದು ಕುಣಿದಿರಿ. ಇನ್ನೊಮ್ಮೆ ಬಂದರೆ ಲೋಕಕ್ಕೆ ಹೇಳಬಹುದಿತ್ತು.

ಅಷ್ಟರಲ್ಲಿ ಹೊರಗಿನ ಪ್ರೊಫೆಸರರು ನೋಡಲು ಬಂದರು. "ಇಷ್ಟು ರಕ್ತ ಹೇಗೆ ತೆಗೀತೀರಿ?" ಎಂದರು. ನೀವು ನಕ್ಕಿರಿ.

"ಅದು ನನ್ನದೇ ಉಪಾಯ ಸರ್. ಇವನೆಂತ, ಮೊಲ ಹಿಡಿಯುವ ಆಳು."

ಇವನು. ಆಳು. — ನಾನು ಮೊಲ ಹಿಡಿದುಕೊಂಡೇ ನಿಂತಿದ್ದೆ.

ಬರಿಗೈಯ ಬೆವರು ತಾಗಿದರೆ ಸಾಕು, ಆರ್‌ಎನ್‌ಎ ಚೂರಾಗುತ್ತದೆ ಎಂದು ಕಲಿಸಿದವರೂ ನೀವೇ. ಅದಕ್ಕೇ ಗಾಜನ್ನೆಲ್ಲ ಓವನ್ನಿನಲ್ಲಿ ಕಾಯಿಸಿ, ಇಕ್ಕಳದಲ್ಲೇ ಎತ್ತಿಡುತ್ತಿದ್ದೆ. ಮರುದಿನ ಬೆಳಿಗ್ಗೆ ಕಾಯಿಸಿಟ್ಟ ಕೊಳವೆಯೊಳಗೆ ತೋರುಬೆರಳಿಟ್ಟು ಒಂದು ಸುತ್ತು ತಿರುಗಿಸಿದೆ. ಮುಂದಿನ ಎರಡು ಸಲವೂ ಹಾಗೇ ಮಾಡಿದೆ.

ದಿಬ್ಬ ಮತ್ತೆ ಏಳಲಿಲ್ಲ. ನೀವು ನೀರು ಬದಲಿಸಿದಿರಿ, ಮಲ್ಪೆಯಿಂದ ತರಿಸುತ್ತಿದ್ದ ಮಂಜುಗಡ್ಡೆಯನ್ನೂ ಸಂಶಯಪಟ್ಟಿರಿ. ನನ್ನನ್ನು ಮಾತ್ರ —

"ಶೀನಣ್ಣನ ಗಾಜಿನಲ್ಲಿ ತಪ್ಪು ಇರ್ಲಿಕ್ಕಿಲ್ಲ. ನನ್ನ ಕಣ್ಣೇ ಮೋಸ ಮಾಡಿದ್ದು" ಎಂದು ಆ ಮೊದಲ ಗ್ರಾಫನ್ನು ಹರಿದು ಹಾಕಿದಿರಿ.

ನೀವು ಸಂಶೋಧನೆ ಬಿಟ್ಟು ಸಂತೆಕಟ್ಟೆಯಲ್ಲಿ ಕ್ಲಿನಿಕ್ ತೆರೆದಿರಿ. ಆ 'ಆಳು' ಎಂಬ ಮಾತು ನನಗೆ ಇಂದಿಗೂ ಉರಿಯುತ್ತದೆ, ಸುಳ್ಳು ಹೇಳಲಾರೆ. ಆದರೆ ಹರಿದ ಚೂರುಗಳನ್ನು ಗುಡಿಸಿದವನೂ ನಾನೇ. ಬಿಸಾಡಲು ಕೈ ಬರಲಿಲ್ಲ. ಅಂಟಿಸಿ ಈ ಕಾಗದದೊಳಗೆ ಇಟ್ಟಿದ್ದೇನೆ. ನಾಳೆ ನಾನೇ ತಂದು ನಿಮ್ಮ ಕೈಗೆ ಕೊಡುತ್ತೇನೆ.

ನಿಮ್ಮ ಕಣ್ಣು ಮೋಸ ಮಾಡಿರಲಿಲ್ಲ. ಆ ದಿಬ್ಬ ಇತ್ತು.