‘ಏನೂ ಆಗಲ್ಲ’ ಮಾಲೀಕರು

ಪಿಕಪ್ ಗಾಡಿಗಳನ್ನು ಬಾಡಿಗೆಗೆ ಬಿಟ್ಟಿರುವ ನಮ್ಮ ಬೀದಿಯ ಮಾಲೀಕರಿಗೆ ಎಲ್ಲರೂ ಇಟ್ಟ ಹೆಸರು ‘ಏನೂ ಆಗಲ್ಲ’. ಬ್ರೇಕ್ ಕಿರುಗುಟ್ಟಿದರೆ ಏನೂ ಆಗಲ್ಲ, ಹೆಡ್‌ಲೈಟು ಒಂದೇ ಕಣ್ಣು ಬಿಟ್ಟರೆ ಏನೂ ಆಗಲ್ಲ; ಭೂಮಿ ಬಾಯಿ ಬಿಟ್ಟರೂ ಅದರಂಚಿನಲ್ಲಿ ನಿಂತು ಟೀ ಹೀರುತ್ತಾ ಅದನ್ನೇ ಹೇಳುವ ಮನುಷ್ಯ. ಕೆಟ್ಟವರಲ್ಲ, ಡ್ರೈವರ್‌ಗೆ ಜ್ವರ ಬಂದರೆ ಮನೆಗೇ ಮಾತ್ರೆ ಒಯ್ದು ಕೊಡುತ್ತಾರೆ. ಆದರೆ ಪಂಕ್ಚರ್ ಆದಾಗ ಅವರನ್ನು ನೋಡಬೇಕು. ಪಿಕಪ್ಪಿನ ಸ್ಟೆಪ್ನಿ ಟೈರು ಹಿಂಭಾಗದ ಅಡಿಯಲ್ಲಿ ಸರಪಳಿಗೆ ನೇತಾಡುತ್ತಿರುತ್ತದೆ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಹೊರಗೇ ಕೂತು ರಾಡು ತಿರುಗಿಸಿ ಮೆಲ್ಲಗೆ ಇಳಿಸಬೇಕು. ಅದರಡಿ ತಲೆ ಹಾಕಲೇಬಾರದು. ಇವರ ಗಾಡಿಗಳ ಸರಪಳಿಯೋ ತುಕ್ಕು ಹಿಡಿದು ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ. “ಬದಲಾಯಿಸಿ ಯಜಮಾನ್ರೇ” ಎಂದು ಡ್ರೈವರ್ ಎಷ್ಟು ಸಲ ಗೋಗರೆದನೋ! “ಅಯ್ಯೋ, ಕೆಳಗೆ ನುಗ್ಗಿ ಸುತ್ತಿಗೇಲಿ ಎರಡು ಬಾರಿಸೋ. ಟೈರೇನು ಹುಲೀನಾ, ಮೈಮೇಲೆ ಹಾರೋಕೆ? ಏನೂ ಆಗಲ್ಲ!” ಹಾಗೆ ಹೇಳುತ್ತಲೇ ತಾವು ಮಾತ್ರ ಒಂದು ಮಾರು ಹಿಂದೆ ಸರಿಯುತ್ತಾರೆ. ಆ ಧೈರ್ಯವೆಲ್ಲ ಬೇರೆಯವರ ತಲೆಯ ಲೆಕ್ಕಕ್ಕೆ. ಮೊನ್ನೆ ಹಾಗೇ ಕೆಳಗೆ ನುಗ್ಗಿ ಸುತ್ತಿಗೆ ಬಾರಿಸುವಾಗ ಸರಪಳಿ ತುಂಡಾಗಿ ಟೈರು ನೇರ ಡ್ರೈವರ್ ತಲೆಯ ಮೇಲೆ ಬಿತ್ತು. ಆಸ್ಪತ್ರೆಯ ವರಾಂಡದಲ್ಲಿ ಅವನ ಹೆಂಡತಿ ಮಾಲೀಕರ ತೋಳು ಹಿಡಿದುಕೊಂಡಳು: “ಅಣ್ಣಾ, ಏನೂ ಆಗಲ್ಲ ಅಂತ ಹೇಳಿ. ಅವ್ರಿಗೆ ದಿನಾ ಹೇಳ್ತಿದ್ರಲ್ಲ, ಒಂದ್ಸಲ ನನಗೂ ಹೇಳಿ.”