ಭೂಮಿ ನಡುವೆಯೇ ಉಳಿದ ಪಾಠ

ಶಾಲೆಯ ತಪಾಸಣೆಗೆ ಬಂದ ಆ ಅಧಿಕಾರಿ ಯಂತ್ರದ ಹಿಡಿಕೆಯನ್ನು ಒಂದು ಸಲವಾದರೂ ತಿರುಗಿಸಿ ನೋಡಬಹುದಿತ್ತು. ನೋಡಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಆ ಯಂತ್ರಕ್ಕೆ ವೆಲ್ಡಿಂಗ್ ಮಾಡಿದವನು ನಾನು. ಮಾಡಿಸಿದವರು ನಮ್ಮ ಭಾವ, ಅಕ್ಕನ ಗಂಡ, ಏಳನೇ ತರಗತಿಯ ವಿಜ್ಞಾನದ ಮೇಷ್ಟ್ರು. ನಡುವೆ ಅಲುಗಾಡದ ಭೂಮಿ, ಸುತ್ತ ಸೈಕಲ್ ರಿಮ್ಮು, ರಿಮ್ಮಿನ ಅಂಚಿನಲ್ಲಿ ತಾನೂ ಸುತ್ತುವ ಒಂದು ಸಣ್ಣ ಬಳೆ, ಬಳೆಗೆ ಅಂಟಿದ ಕೆಂಪು ಗುಂಡು. ಅದು ಮಂಗಳ. ಹಿಡಿಕೆ ತಿರುಗಿಸಿದರೆ ಗುಂಡು ಮುಂದೆ ಹೋಗಿ, ನಿಂತು, ತುಸು ಹಿಂದೆ ಬಂದು, ಮತ್ತೆ ಮುಂದಕ್ಕೆ ಹೊರಡುತ್ತಿತ್ತು. ಆಕಾಶದಲ್ಲಿ ಮಂಗಳ ನಮಗೆ ಕಾಣುವುದೂ ಹೀಗೆಯೇ ಅಂತೆ.

"ಮುನಿಸಿಕೊಂಡು ಬಾಗಿಲ ತನಕ ಹೋಗಿ ವಾಪಸ್ ಬರ್ತಾನಲ್ಲ ನನ್ನ ತಮ್ಮ, ಥೇಟ್ ಹಾಗೇ," ಎಂದಳು ಅಕ್ಕ.

ನಾನು ಐದನೇ ತರಗತಿಗೇ ಶಾಲೆ ಬಿಟ್ಟವನು. ಆದರೂ ಕೇಳಿದೆ: "ಭಾವ, ನಡುವೆ ಇರೋದು ಸೂರ್ಯ ತಾನೇ? ತಪ್ಪು ಯಾಕೆ ಕಲಿಸ್ತೀರಿ?"

"ಬಾಯಿಪಾಠ ಯಾರು ಬೇಕಾದ್ರೂ ಒಪ್ಪಿಸ್ತಾರೆ ಕಣೋ. ಸಾವಿರ ವರ್ಷಕ್ಕೂ ಹೆಚ್ಚು ಬುದ್ಧಿವಂತರೇ ಇದನ್ನ ನಂಬಿದ್ರು. ಮೊದಲು ಮಕ್ಕಳೂ ನಂಬಲಿ. ಆಮೇಲೆ ದೂರದರ್ಶಕದಲ್ಲಿ ಶುಕ್ರನ್ನ ತೋರಿಸ್ತೀನಿ. ಚಂದ್ರನ ಹಾಗೆ ಅದು ಸೊರಗತ್ತೆ, ದುಂಡಗೂ ಆಗತ್ತೆ. ಹಳಬರ ಲೆಕ್ಕದಲ್ಲಿ ಅದು ಯಾವಾಗಲೂ ಸೂರ್ಯನಿಗಿಂತ ಈಚೆಗೇ ಇರೋದು, ದುಂಡಗೆ ಕಾಣಲೇಬಾರದು. ಆಗ ಮಕ್ಕಳೇ ಭೂಮೀನ ಕಿತ್ತು ಪಕ್ಕಕ್ಕೆ ಇಡ್ತಾರೆ."

ಮಕ್ಕಳು ನಂಬಿ ಕೂತಿದ್ದ ವಾರದಲ್ಲೇ ಅಧಿಕಾರಿ ಬಂದ. "ನಡುವೆ ಏನಿದೆ?" ಎಂದ. "ಭೂಮಿ, ಸರ್" ಎಂದು ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು.

"ಪಾಠ ಇನ್ನೂ ಅರ್ಧ ಇದೆ, ಸರ್," ಎಂದರು ಭಾವ.

"ಅರ್ಧ ಪಾಠ ಸುಳ್ಳು ಕಲಿಸೋಕೆ ನಿಮಗೆ ಸಂಬಳವೇ?"

ಭಾವನನ್ನು ಪಠ್ಯಪುಸ್ತಕದ ಗೋದಾಮಿಗೆ ಹಾಕಿದರು. ನಾನು ಶಿಕ್ಷಣ ಇಲಾಖೆಯ ಕಚೇರಿಗೆ ಹೋಗಿ ಮೇಜು ಗುದ್ದಿದೆ. ಗುಮಾಸ್ತ ನೀರು ಕೊಟ್ಟು, "ಅಣ್ಣಾ, ನೀವು ಕೂಗಿದಷ್ಟೂ ಮೇಷ್ಟ್ರಿಗೇ ಕಷ್ಟ," ಎಂದ. ಬಡವನ ಕೋಪ ದವಡೆಗೆ ಮೂಲ. ನೀರು ಕುಡಿದು ಎದ್ದು ಬಂದೆ.

ಪಾಠ ಮುಗಿಸಲು ಭಾವ ಒಂದೇ ಒಂದು ಪೀರಿಯಡ್ ಕೇಳಿದರು. "ನನ್ನ ಕೈಲಿ ಏನೂ ಇಲ್ಲ ಮೇಷ್ಟ್ರೇ," ಎಂದರು ಹೆಡ್‌ಮಾಸ್ಟರ್. ಹೊಸ ಮೇಷ್ಟ್ರು ಸೂರ್ಯ ನಡುವಿದ್ದ ಚಿತ್ರ ತೂಗುಹಾಕಿದರು, ಮಕ್ಕಳು ಬರೆದುಕೊಂಡರು, ಎಲ್ಲರೂ ಪಾಸಾದರು.

"ನಂಬಿಸಿದವನು ನಾನು. ಬಿಡಿಸೋದೂ ನನ್ನ ಮೇಲಿನ ಸಾಲ," ಎನ್ನುತ್ತಿದ್ದರು ಭಾವ. ಮತ್ತೆ ತರಗತಿಯ ಮೆಟ್ಟಿಲು ಹತ್ತದೆಯೇ ತೀರಿಕೊಂಡರು.

ಮೊನ್ನೆ ಗೇಟು ಮಾಡಿಸಲು ಬಂದವನೊಬ್ಬ ಆಗ ಅದೇ ತರಗತಿಯಲ್ಲಿ ಕೂತಿದ್ದವನು. "ಮೇಷ್ಟ್ರು ಒಳ್ಳೆಯವರು. ಪಾಪ, ಸೂರ್ಯ ನಡುವೆ ಇರೋದು ಅವರಿಗೇ ಗೊತ್ತಿರಲಿಲ್ಲ," ಎಂದ.

ನನ್ನ ಮೈಯೆಲ್ಲ ಉರಿಯಿತು. "ಹಾಗಲ್ಲಪ್ಪಾ, ಶುಕ್ರ ಇದೆಯಲ್ಲ..." ಎಂದು ಶುರುಮಾಡಿದೆ. ಶುಕ್ರ ದುಂಡಗಾಗೋದಕ್ಕೂ ಸೂರ್ಯ ನಡುವಿರೋದಕ್ಕೂ ಏನು ನಂಟು ಎಂದು ಬಿಡಿಸಿ ಹೇಳಲು ನನಗೆ ಬರಲಿಲ್ಲ. ಅವನು ಗೇಟಿನ ಅಳತೆ ಹೇಳಿ ಹೋದ. ಭಾವ ಆ ಮಕ್ಕಳಿಗೆ ಕೊಡಬೇಕಿದ್ದ ಅರ್ಧ ಪಾಠ ಇನ್ನೂ ಬಾಕಿಯೇ ಇದೆ.