ಹೆಪ್ಪು ಹಾಕಿದ್ದೆನೇ?

ನಿನ್ನೆ ಅಂಗಳ ಗುಡಿಸಿದೆ. ಜೋಳ ಹಸನು ಮಾಡಿದೆ. ಬದನೆಕಾಯಿ ಸೀಳಿ ಎಣಗಾಯಿ ಮಾಡಿದೆ, ರೊಟ್ಟಿ ಬಡಿದೆ, ಒಣಗಿದ ಬಟ್ಟೆ ಮಡಚಿಟ್ಟೆ, ಸ್ಟೀರಾಯ್ಡ್ ಗುಳಿಗೆ ನುಂಗಿದೆ. ಸಂಜೆ ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ, ಅದೊಂದು ಖಾತ್ರಿಯಿಲ್ಲ.

ನನ್ನ ಈ ಮರೆವಿನ ಕಾಯಿಲೆ ಬಯಲಾದದ್ದೂ ಹೆಪ್ಪಿನಿಂದಲೇ. ಬೈಲಹೊಂಗಲದ ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಯಾರಿಗೂ ಹೆಪ್ಪು ಕೊಡುವುದಿಲ್ಲ. ಕೊಟ್ಟರೆ ಅದರ ಜೊತೆ ಲಕ್ಷ್ಮಿಯೂ ಹೋಗುತ್ತಾಳೆ ಎನ್ನುತ್ತಿದ್ದರು ಅತ್ತೆ. ಒಂದು ಸಂಜೆ ನೋಡಿದರೆ ಹೆಪ್ಪಿನ ಬಟ್ಟಲು ಬರಿದು. ಮನೆಯಲ್ಲಿದ್ದವಳು ನಾದಿನಿ ಶೋಭಾ. ನನ್ನ ಎಡಗೈ ಇದ್ದಕ್ಕಿದ್ದಂತೆ ಜಗ್ಗಿ ರೊಟ್ಟಿ ಹರಿಯುತ್ತಿದ್ದುದರಿಂದ ಕೆಲಸಕ್ಕೆ ಆಸರೆಯಾಗಲೆಂದು ಸಂಗೊಳ್ಳಿಯಿಂದ ಬಂದಿದ್ದಳು.

“ಯಾರಿಗ ಕೊಟ್ಟಿ?” ಎಂದೆ.

“ನೀವ ಹಾಲಿಗೆ ಹಾಕೀರಲ್ರಿ ವೈನಿ, ಎರಡು ಸಲ.”

ಸುಳ್ಳು.

ಗಂಡ ಅವಳು ಹೇಳಿದ್ದೇ ಹೌದೆಂದರು. ತಂಗಿಯ ಪರ ಅಣ್ಣ ಮಾತಾಡದೆ ಇನ್ನಾರು ಮಾತಾಡುತ್ತಾರೆ? ಮರುದಿನವೂ ಅದನ್ನೇ ಕೇಳಿದೆನಂತೆ. ಕಳ್ಳಿ ಎಂದೆನಂತೆ. ಆ ಮಾತು ನೆನಪಿಲ್ಲ, ಸಿಟ್ಟು ನೆನಪಿದೆ. ಯಾತಕ್ಕೆಂದು ಮರೆತುಹೋದರೂ ಅವಳ ಮುಖ ಕಂಡರೆ ಎದೆ ಕುದಿಯುತ್ತಿತ್ತು. ಶೋಭಾ ಊರಿಗೆ ಹೊರಟು ಚೀಲ ಹಿಡಿದು ಬಾಗಿಲಿಗೆ ಬಂದಿದ್ದಳು. ಅಷ್ಟರಲ್ಲಿ ನನ್ನ ಕೈ ಜಗ್ಗಿತು, ಬಾಯಿ ಸೊಟ್ಟಾಯಿತು. ಚೀಲ ಇಳಿಸಿ, ಅಣ್ಣನ ಜೊತೆ ನನ್ನನ್ನು ಬೆಳಗಾವಿಗೆ ಕರೆದೊಯ್ದಳು.

ಎಂಆರ್‌ಐ ಆಯಿತು. ಡಾಕ್ಟರು ಅಂದು ಹೇಳಿದ್ದನ್ನು ಮನೆಯವರು ಎಷ್ಟೋ ಸಲ ಹೇಳಿ ಹೇಳಿ ನನಗೀಗ ಬಾಯಿಪಾಠ.

“ಮೆದುಳಿನ್ಯಾಗ ಹಿಪೊಕ್ಯಾಂಪಸ್ ಅಂತ ಐತ್ರಿ. ಕಂಡದ್ದು, ಕೇಳಿದ್ದು ಅಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕ ದಾಟಿ ನೆನಪಾಗಿ ಕೂಡತೈತಿ. ಇವರಿಗೆ ಅಲ್ಲೇ ಬಾವು ಬಂದೈತಿ. ಹಳೇದು ಇರತೈತಿ, ಹೊಸಾದು ನಿಲ್ಲೂದಿಲ್ಲ.”

ಡಾಕ್ಟರಿಗೂ ಶೋಭಾಳೇ ಹೇಳಿಕೊಟ್ಟಿರಬೇಕು ಎಂದು ಆಗ ಎನಿಸುತ್ತಿತ್ತು.

“ಅಂದ್ರ ತಲಿಯೊಳಗಿನ ಹೆಪ್ಪು ಖಾಲಿ ಆಗೇತಿ,” ಎನ್ನುತ್ತಾಳೆ ಶೋಭಾ. “ಅದನ್ನೂ ನಾನ ಯಾರಿಗರ ಕೊಟ್ಟೇನಿ ಅನಬ್ಯಾಡ್ರಿ ಮತ್ತ.”

ಔಷಧ ನಾಟಿತು. ಕೈ ಜಗ್ಗುವುದು ನಿಂತಿದೆ, ನೆನಪು ಅಷ್ಟಿಷ್ಟು ನಿಲ್ಲತೊಡಗಿದೆ. ಅನುಮಾನ ಪೂರ್ತಿ ಹೋಗಿಲ್ಲ. ಅಂದು ಹೆಪ್ಪು ಹಾಕಿದ ನನ್ನನ್ನು ನೋಡಿದವಳು ಅವಳು, ನಾನಲ್ಲ. ಮನೆಯ ಕೀಲಿಕೈ ಸೆರಗಿಗೆ ಕಟ್ಟಿಕೊಂಡು ಬದುಕಿದ ನನಗೆ, ನಾನು ಏನು ಮಾಡಿದೆನೆಂದು ಇನ್ನೊಬ್ಬರನ್ನು ಕೇಳಿ ತಿಳಿಯುವುದು ಸುಲಭವಲ್ಲ.

ನಿನ್ನೆ ಸಂಜೆ ಕೇಳಿದೆ.

“ಹೆಪ್ಪು ಹಾಕೇನೇನ?”

“ಹಾಕೀರಿ ವೈನಿ.”

ಹಾಲಿನ ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟೆ. ತೆಗೆದು ನೋಡಲಿಲ್ಲ.

ರಾತ್ರಿ ರೊಟ್ಟಿ, ಎಣಗಾಯಿ, ಮೊನ್ನೆಯ ಮೊಸರು ಉಂಡೆವು. ಮೊದಲು ನಿದ್ದೆ ಹೋದವಳು ನಾನಂತೆ. ಬೆಳಿಗ್ಗೆ ಶೋಭಾ ಹೇಳಿದಳು. ಹೌದಿರಬೇಕು.